ಸೈಟು ಹಂಚಿಕೊಳ್ಳಬೇಕೇ, ಕೂಡಿ ಮನೆ ಕಟ್ಟಬೇಕೇ?

ಮನೆ–ನೆಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ಮೈಸೂರಿನ 24 ಕುಟುಂಬದವರು ಸೇರಿ ಇಲವಾಲದ ಕಡೆ ಭೂಪರಿವರ್ತನೆಯಾದ ಎರಡೂವರೆ ಎಕರೆ ಜಮೀನನ್ನು ನೋಡಿದ್ದೇವೆ. ನಮ್ಮಲ್ಲಿ ಅರ್ಧದಷ್ಟು ಮಂದಿ ನಿವೃತ್ತರು, ಉಳಿದವರು ಇನ್ನೂ ದುಡಿಯುತ್ತಿರುವವರು. ಪ್ರತಿ ಕುಟುಂಬಕ್ಕೂ ಸ್ವಂತ ಮನೆ, ಸ್ವಂತ ಅಡುಗೆಮನೆ ಇರಬೇಕು. ಜೊತೆಗೆ ಎಲ್ಲರಿಗೂ ಸೇರಿದ ಒಂದು ಸಾಮೂಹಿಕ ಮನೆಯಿದ್ದು ವಾರದಲ್ಲಿ ಕೆಲವು ದಿನ ಅಲ್ಲಿ ಒಟ್ಟಿಗೆ ಊಟ ಮಾಡಬೇಕು. ವಾಹನಗಳು ಅಂಚಿನಲ್ಲೇ ನಿಲ್ಲಬೇಕು ಎಂಬುದು ನಮ್ಮ ಆಸೆ. ಆದರೆ ಈಗ ನಮ್ಮಲ್ಲಿ ಎರಡು ಪಕ್ಷಗಳಾಗಿವೆ. ಸೈಟು ಮಾಡಿ ಹಂಚಿಕೊಂಡರೆ ಅವರವರ ಅನುಕೂಲ ನೋಡಿಕೊಂಡು ಅವರವರು ಕಟ್ಟಿಕೊಳ್ಳಬಹುದು ಎಂದು ಕೆಲವರು, ಎಲ್ಲ ಮನೆಗಳನ್ನೂ ಒಂದೇ ಸಲ ಕೂಡಿ ಕಟ್ಟಿಸೋಣ ಎಂದು ಕೆಲವರು. ತಮ್ಮ ಸಲಹೆ ಏನು?
— ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ನನ್ನ ಸಲಹೆಯನ್ನು ಮೊದಲೇ ಹೇಳಿ, ಕಾರಣಗಳನ್ನು ಆಮೇಲೆ ಬಿಡಿಸುತ್ತೇನೆ. ನೀವು ಬಯಸುತ್ತಿರುವುದು ಸಹವಸತಿಯೇ (ಕೋಹೌಸಿಂಗ್), ಅಂದರೆ ಸ್ವಂತ ಮನೆಗಳ ಜೊತೆಗೆ ಒಂದು ಸಾಮೂಹಿಕ ಮನೆಯನ್ನೂ ಹಂಚಿಕೊಂಡು ಬಾಳುವ ನೆರೆಹೊರೆಯೇ ಆಗಿದ್ದರೆ ಮನೆಗಳನ್ನು ಕೂಡಿಯೇ ಕಟ್ಟಿಸಿ. ಹಣ ಸಾಲದಿದ್ದರೆ ಮನೆಗಳನ್ನು ಚಿಕ್ಕದು ಮಾಡಿ, ಮೇಲಂತಸ್ತನ್ನು ಮುಂದಕ್ಕೆ ಹಾಕಿ. ನೆಲವನ್ನು ಮಾತ್ರ ಸೈಟುಗಳಾಗಿ ಒಡೆಯಬೇಡಿ. ಸೈಟು ಮಾಡುವುದರಿಂದ ಬಡಾವಣೆಯೊಂದು ಸಿಕ್ಕೀತು, ಅದು ಒಳ್ಳೆಯ ಬಡಾವಣೆಯೂ ಆದೀತು, ಆದರೆ ನೀವು ಪತ್ರದಲ್ಲಿ ವರ್ಣಿಸಿರುವ ಬದುಕು ಅದರಲ್ಲಿ ಹುಟ್ಟುವ ಸಾಧ್ಯತೆ ತೀರ ಕಡಿಮೆ.

ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಸ್ಥಾಪನೆಯಾದ ಕಾಲದಿಂದ ಮೈಸೂರು ಬಹುಮಟ್ಟಿಗೆ ಬೆಳೆದದ್ದೇ ಬಡಾವಣೆ ಮಾಡಿ ನಿವೇಶನ ಹಂಚುವ ಕ್ರಮದಲ್ಲಿ. ಗೃಹ ನಿರ್ಮಾಣ ಸಹಕಾರ ಸಂಘಗಳೂ ಹೆಚ್ಚಿನಂಶ ಅದೇ ದಾರಿ ಹಿಡಿದು, ಸದಸ್ಯರಿಗೆ ಸೈಟು ನೋಂದಣಿ ಮಾಡಿಸಿಕೊಟ್ಟಲ್ಲಿಗೆ ತಮ್ಮ ಕೆಲಸ ಮುಗಿಯಿತೆಂದುಕೊಂಡವು. ಒಂದೇ ಕಚೇರಿಯಲ್ಲಿ ಮೂವತ್ತು ವರ್ಷ ಜೊತೆಯಾಗಿ ದುಡಿದವರು, ಮುಂದೆಯೂ ಅಕ್ಕಪಕ್ಕದಲ್ಲಿ ಇರೋಣವೆಂದು ಆಸೆಪಟ್ಟು ಕಂತು ಕಟ್ಟಿದವರು. ರಿಂಗ್ ರಸ್ತೆಯ ಆಚೆ ಇಂಥ ಯಾವುದಾದರೂ ಬಡಾವಣೆಗೆ ಒಂದು ಸಂಜೆ ಹೋಗಿ ನೋಡಿ. ನಾಲ್ಕು ಮನೆ ದಾಟಿದರೆ ಎರಡು ಖಾಲಿ ಸೈಟು. ಮೂಲೆಯಲ್ಲಿ ಬಣ್ಣದಿಂದ ಸಂಖ್ಯೆ ಬರೆದ ಗಡಿಕಲ್ಲು, ಅದನ್ನು ಮುಚ್ಚುವಷ್ಟು ಎತ್ತರಕ್ಕೆ ಬೆಳೆದ ಪಾರ್ಥೇನಿಯಂ. ಪಕ್ಕದ ಮನೆಯವರು ಹಾವಿನ ಭಯಕ್ಕೆ ತಾವೇ ಕೂಲಿ ಕೊಟ್ಟು ಕಾಂಪೌಂಡಿನ ಬದಿಗೆ ನಾಲ್ಕಡಿ ಅಗಲ ಕಳೆ ತೆಗೆಸಿದ ಗುರುತು. ಪ್ರಾಧಿಕಾರಗಳು ನಿವೇಶನ ಹಂಚುವಾಗ ಇಂತಿಷ್ಟು ವರ್ಷದೊಳಗೆ ಮನೆ ಕಟ್ಟಬೇಕೆಂಬ ಷರತ್ತು ಹಾಕುತ್ತವೆ. ಆ ಷರತ್ತಿದ್ದೂ ಸೈಟುಗಳು ದಶಕಗಟ್ಟಲೆ ಖಾಲಿ ಉಳಿದಿವೆ ಎಂದರೆ, ಸ್ನೇಹದ ಮಾತಿನ ಮೇಲೆ ನಿಂತ ಒಪ್ಪಂದ ಎಷ್ಟು ದಿನ ನಿಂತೀತು? ಯಾರಲ್ಲೂ ದುರುದ್ದೇಶ ಇರಬೇಕಾಗಿಲ್ಲ. ಒಬ್ಬರಿಗೆ ಮಗಳ ಮದುವೆ ಬರುತ್ತದೆ, ಒಬ್ಬರಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಇನ್ನೊಬ್ಬರು ಬೆಲೆ ಏರಿತೆಂದು ಮಾರುತ್ತಾರೆ, ಕೊಂಡವರಿಗೆ ನಿಮ್ಮ ಸಾಮೂಹಿಕ ಮನೆಯ ಆಸೆ ಗೊತ್ತೇ ಇರುವುದಿಲ್ಲ.

ಇನ್ನು ನೆಲದ ಲೆಕ್ಕ. ನಿಮ್ಮ ಗುಂಪಿನ ಸಭೆಯಲ್ಲಿ ಇದನ್ನು ಹಲಗೆಯ ಮೇಲೆ ಬರೆದೇ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಎರಡೂವರೆ ಎಕರೆ ಎಂದರೆ 100 ಗುಂಟೆ, ಅಂದರೆ 1,08,900 ಚದರ ಅಡಿ. ಬಡಾವಣೆ ಮಾಡಿದರೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ಸೈಟುಗಳಿಗೆ ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಶೇ 55 ಎಂದು ಹಿಡಿದರೆ 59,895 ಚದರ ಅಡಿ. ನಲವತ್ತು–ಅರವತ್ತರ 24 ಸೈಟುಗಳಿಗೆ 57,600 ಚದರ ಅಡಿ ಹೋಗುತ್ತದೆ. ಮಿಕ್ಕುವ 2,295 ಚದರ ಅಡಿ ಒಂದು ಸೈಟಿಗೂ ಸಾಲದು. ನಿಮ್ಮ ಸಾಮೂಹಿಕ ಮನೆ ಅಲ್ಲಿ ನಿಲ್ಲಬೇಕು. ಉದ್ಯಾನದ ಜಾಗದಲ್ಲಿ ಕಟ್ಟೋಣವೆಂದರೆ ಆಗುವುದಿಲ್ಲ, ಏಕೆಂದರೆ ನಕ್ಷೆಗೆ ಅನುಮೋದನೆ ಪಡೆಯುವಾಗ ರಸ್ತೆಯನ್ನೂ ಉದ್ಯಾನವನ್ನೂ ಯೋಜನಾ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಬಿಟ್ಟುಕೊಟ್ಟ ಮೇಲೆ ಅವು ಸಾರ್ವಜನಿಕ ಸ್ವತ್ತು. ಪ್ರತಿ ಸೈಟಿಗೂ ನಿಗದಿತ ಅಗಲದ, ವಾಹನ ಓಡಾಡುವ ರಸ್ತೆ ತಲುಪಲೇಬೇಕಾದ್ದರಿಂದ, ವಾಹನಗಳು ಅಂಚಿನಲ್ಲೇ ನಿಂತು ನಡುವೆ ಮಕ್ಕಳು ಆಡಬೇಕೆಂಬ ನಿಮ್ಮ ಆಸೆ ನಕ್ಷೆಯ ಹಂತದಲ್ಲೇ ಬಿದ್ದುಹೋಗುತ್ತದೆ.

ಅದೇ ನೆಲದಲ್ಲಿ ಕೂಡಿ ಕಟ್ಟಿದರೆ ಏನಾಗುತ್ತದೆ ನೋಡಿ. ಒಂದೊಂದು ಮನೆಯೂ ನೆಲಮಟ್ಟದಲ್ಲಿ ಎಂಟು ಚದರ, ಅಂದರೆ 800 ಚದರ ಅಡಿ ಹಿಡಿದರೆ 24 ಮನೆಗಳಿಗೆ 19,200 ಚದರ ಅಡಿ. ಸಾಮೂಹಿಕ ಮನೆಗೆ 3,000 ಕೊಡಿ. ಒಟ್ಟು 22,200, ಅಂದರೆ ಜಮೀನಿನ ಐದರಲ್ಲೊಂದು ಭಾಗ ಮಾತ್ರ. ಪ್ರಾಧಿಕಾರ ಕೇಳುವ ಜಾಗ, ವಾಹನ ನಿಲುಗಡೆ, ಅಗ್ನಿಶಾಮಕ ವಾಹನದ ದಾರಿ ಎಲ್ಲವನ್ನೂ ಬಿಟ್ಟ ಮೇಲೂ ನಡುವೆ ದೊಡ್ಡ ಬಯಲು ನಿಮ್ಮೆಲ್ಲರ ಹೆಸರಿನಲ್ಲಿ ಉಳಿಯುತ್ತದೆ. ಮನೆಗಳು ಗೋಡೆಗೆ ಗೋಡೆ ತಾಗಿಕೊಂಡು ಸಾಲಾಗಿ ನಿಲ್ಲುವುದರಿಂದ, ಒಂಟಿ ಮನೆಗಳ ಸುತ್ತ ಬಿಡುವ, ನೀರಿನ ಮೋಟರಿಗೂ ಒಡೆದ ಹೂಕುಂಡಕ್ಕೂ ಮಾತ್ರ ಉಪಯೋಗವಾಗುವ ಆ ನಾಲ್ಕೈದಡಿಯ ಓಣಿಗಳು ಇಲ್ಲಿ ಹುಟ್ಟುವುದೇ ಇಲ್ಲ. ಆ ಓಣಿಗಳನ್ನೆಲ್ಲ ಸೇರಿಸಿದ ನೆಲವೇ ನಿಮ್ಮ ಬಯಲು. 24 ಸಂಪು, 24 ಬೋರ್‌ವೆಲ್, 24 ಕಾಂಪೌಂಡು ಗೋಡೆಗಳ ಖರ್ಚೂ ಉಳಿಯುತ್ತದೆ.

ಸಹವಸತಿ ಎಂಬ ಈ ಪದ್ಧತಿ ರೂಪುಗೊಂಡದ್ದು ಡೆನ್ಮಾರ್ಕಿನಲ್ಲಿ. ವಾಸ್ತುಶಿಲ್ಪಿ ಯಾನ್ ಗುಡ್ಮನ್ ಹೋಯರ್ ಮತ್ತವರ ಸ್ನೇಹಿತರು 1960ರ ದಶಕದಲ್ಲಿ ಇದರ ಚರ್ಚೆ ಆರಂಭಿಸಿದರು; ಕೋಪನ್‌ಹೇಗನ್ನಿನ ಉತ್ತರಕ್ಕಿರುವ ಸೆಟ್ಟೆದಾಮೆನ್‌ನಲ್ಲಿ 1972ರಲ್ಲಿ ಜನ ವಾಸಕ್ಕೆ ಬಂದರು. ಅಲ್ಲಿಂದ ಕ್ಯಾಥರಿನ್ ಮೆಕ್‌ಕಮಂಟ್ ಮತ್ತು ಚಾರ್ಲ್ಸ್ ಡ್ಯುರೆಟ್ ಎಂಬ ವಾಸ್ತುಶಿಲ್ಪಿ ದಂಪತಿ ಇದನ್ನು 1980ರ ದಶಕದಲ್ಲಿ ಅಮೆರಿಕಕ್ಕೆ ಪರಿಚಯಿಸಿದರು. ಕ್ಯಾಲಿಫೋರ್ನಿಯಾದ ಡೇವಿಸ್ ನಗರದಲ್ಲಿ 1991ರಲ್ಲಿ ಸಿದ್ಧವಾದ ಮ್ಯೂರ್ ಕಾಮನ್ಸ್‌ನ 26 ಮನೆಗಳೂ, ನ್ಯೂಯಾರ್ಕ್ ರಾಜ್ಯದ ಇಥಾಕಾ ಪರಿಸರಗ್ರಾಮದ ಮೊದಲ ಕೇರಿಯ 30 ಮನೆಗಳೂ ಒಂದೇ ಯೋಜನೆಯಾಗಿ ಒಟ್ಟಿಗೆ ಎದ್ದವು. ಸೈಟಿನ ದಾರಿ ಹಿಡಿದವರೂ ಇದ್ದಾರೆ: ವಾಷಿಂಗ್ಟನ್ ರಾಜ್ಯದ ಶೇರಿಂಗ್‌ವುಡ್‌ನಲ್ಲಿ ಸೈಟು ಕೊಂಡವರು ತಮ್ಮ ತಮ್ಮ ಕಾಲಕ್ಕೆ ಮನೆ ಕಟ್ಟಿಕೊಂಡರು, ಕೇರಿ ತುಂಬಲು ಬಹಳ ವರ್ಷ ಹಿಡಿಯಿತು. ಅದೂ ಕೊನೆಗೆ ಒಂದು ಸಮುದಾಯವಾಗಿ ನೆಲೆ ನಿಂತಿತು ಎಂಬುದನ್ನು ಮರೆಮಾಚುವುದು ಸರಿಯಲ್ಲ. ಆದರೆ ನಿಮ್ಮಲ್ಲಿ ಅರ್ಧದಷ್ಟು ಮಂದಿ ನಿವೃತ್ತರು. ಹದಿನೈದು ವರ್ಷ ಕಾದು ನೆರೆಹೊರೆ ಪಡೆಯುವ ವಯಸ್ಸು ಅವರದ್ದಲ್ಲ, ಹತ್ತು ವರ್ಷ ಪಕ್ಕದಲ್ಲಿ ಕಾಂಕ್ರೀಟ್ ಮಿಕ್ಸರಿನ ಸದ್ದು ಕೇಳುತ್ತ, ದೂಳು ಕುಡಿಯುತ್ತ ಬದುಕುವುದೂ ಅವರಿಗೆ ಹೇಳಿಸಿದ್ದಲ್ಲ.

ಕೂಡಿ ಕಟ್ಟುವುದು ಸುಲಭವೆಂದು ನಾನು ಹೇಳುತ್ತಿಲ್ಲ. ಮೊದಲ ಕಷ್ಟ ಹಣದ್ದು: ಎಲ್ಲರೂ ಒಂದೇ ಹೊತ್ತಿಗೆ ಹಣ ಹೊಂದಿಸಬೇಕು. ತಳಪಾಯ, ಸೂರು, ಗಾರೆ ಎಂದು ಹಂತ ಹಂತವಾಗಿ ಹಣ ಕೇಳುವಾಗ ಮೂರು ಕುಟುಂಬಗಳು ತಡಮಾಡಿದರೂ 24 ಮನೆಗಳ ಕೆಲಸ ನಿಲ್ಲುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮುನ್ನವೇ ಪ್ರತಿ ಕುಟುಂಬವೂ ತನ್ನ ಬ್ಯಾಂಕಿನಿಂದ ಸಾಲ ಮಂಜೂರಾತಿ ಪತ್ರವನ್ನೋ, ಕೈಯಲ್ಲಿರುವ ಹಣದ ದಾಖಲೆಯನ್ನೋ ತರಬೇಕು, ತಡವಾದವರ ಪಾಲನ್ನು ಭರಿಸಲು ಒಂದು ಆಪದ್ಧನ ಬೇರೆ ಖಾತೆಯಲ್ಲಿರಬೇಕು. ಎರಡನೆಯದು ಕಂಟ್ರಾಕ್ಟರ್. ಅವನು ಕೈಕೊಟ್ಟರೆ ಒಬ್ಬರಲ್ಲ, 24 ಮಂದಿಯೂ ಸಿಕ್ಕಿಕೊಳ್ಳುತ್ತೀರಿ. ಪ್ರತಿ ಬಿಲ್ಲಿನಲ್ಲೂ ಒಂದಂಶವನ್ನು ತಡೆಹಿಡಿಯಿರಿ, ಅಳತೆ ಪರಿಶೀಲನೆಗೆ ಕಂಟ್ರಾಕ್ಟರಿಗೆ ಸಂಬಂಧವಿಲ್ಲದ ಎಂಜಿನಿಯರ್ ಇರಲಿ, ನಿಮ್ಮೊಳಗಿನವರೇ ಯಾರೋ ಪುಕ್ಕಟೆ ನೋಡಿಕೊಳ್ಳುತ್ತೇನೆಂದರೆ ಕೈಮುಗಿದು ಬೇಡವೆನ್ನಿ. ಪುಕ್ಕಟೆ ದುಡಿದವರ ತಪ್ಪನ್ನು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಇಂಥ ಗುಂಪುಗಳಲ್ಲಿ ಸ್ನೇಹ ಮುರಿದದ್ದನ್ನು ನಾನು ಹೆಚ್ಚಾಗಿ ಕಂಡಿರುವುದು ಈ ಒಂದು ಕಾರಣಕ್ಕೇ.

ಮೂರನೆಯದು ಅಭಿರುಚಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ನಕ್ಷೆ ಕೊಡಲು ಹೊರಟರೆ ಕೂಡಿ ಕಟ್ಟುವುದರಿಂದ ಆಗುವ ಉಳಿತಾಯವೆಲ್ಲ ಸೋರಿಹೋಗುತ್ತದೆ, ಏಕೆಂದರೆ ಅದೇ ಸೆಂಟ್ರಿಂಗ್ ಹಲಗೆ, ಅದೇ ಅಳತೆಯ ಬಾಗಿಲು–ಕಿಟಕಿ ಮನೆಯಿಂದ ಮನೆಗೆ ಮರುಬಳಕೆಯಾಗುವುದರಲ್ಲೇ ಆ ಉಳಿತಾಯ ಇರುವುದು. ಮೂರೇ ಮಾದರಿಗಳಿಗೆ ಒಪ್ಪಿಕೊಳ್ಳಿ. ಹೊರಗೋಡೆ, ಸೂರು, ನೀರು–ಒಳಚರಂಡಿ ಎಲ್ಲರಿಗೂ ಒಂದೇ; ಒಳಗಿನ ನೆಲಹಾಸು, ಅಡುಗೆಕಟ್ಟೆ, ಕಪಾಟು ಅವರವರ ಇಷ್ಟ. ನಮ್ಮ ಊರಿನಲ್ಲಿ ದಿಕ್ಕಿನ ಪ್ರಶ್ನೆ ಬಂದೇ ಬರುತ್ತದೆ. ಬಯಲಿನ ಸುತ್ತ ಮನೆಗಳು ಮುಖಾಮುಖಿಯಾಗಿ ನಿಂತಾಗ ಕೆಲವಕ್ಕೆ ಪಶ್ಚಿಮ, ಕೆಲವಕ್ಕೆ ದಕ್ಷಿಣದ ಮುಖ ಬರುತ್ತದೆ, ಅದನ್ನು ಒಪ್ಪದ ಮನೆಯವರು ಇದ್ದೇ ಇರುತ್ತಾರೆ. ಇದನ್ನು ಮೂಢನಂಬಿಕೆಯೆಂದು ತಳ್ಳಿ ಸಭೆಯಲ್ಲಿ ಯಾರ ಮನಸ್ಸನ್ನೂ ನೋಯಿಸಬೇಡಿ. ಮುಂದೆ ಒಂದು ಜಗಲಿ ಕೊಟ್ಟು, ಮುಖ್ಯ ಬಾಗಿಲನ್ನು ಜಗಲಿಯ ಪಕ್ಕದ ಗೋಡೆಗೆ ತಿರುಗಿಸಿದರೆ ಮನೆ ಬಯಲಿಗೆ ಮುಖ ಮಾಡಿಯೇ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ತೆರೆದುಕೊಳ್ಳುತ್ತದೆ. ಅಡುಗೆಮನೆಯ ಕಿಟಕಿಯನ್ನು ಮಾತ್ರ ಬಯಲಿನ ಕಡೆಗೇ ಇಡಿಸಿ. ಒಗ್ಗರಣೆ ಹಾಕುತ್ತಿರುವಾಗಲೇ ಹೊರಗೆ ಆಡುವ ಮಗು ಕಣ್ಣಿಗೆ ಬೀಳುವಂತಿರಬೇಕು.

ಕಾನೂನಿನ ವಿಷಯ. ರೇರಾ ಎಂದು ಕರೆಯುವ 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ ಪ್ರಕಾರ 500 ಚದರ ಮೀಟರಿಗಿಂತ ಹೆಚ್ಚಿನ ನೆಲದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗಬೇಕು. ಸೈಟುಗಳ ಯೋಜನೆಯೂ ಅದರೊಳಗೇ ಬರುತ್ತದೆ, ಸದಸ್ಯರಿಗಾಗಿ ಮನೆ ಕಟ್ಟುವ ಸಹಕಾರ ಸಂಘವನ್ನೂ ಕಾಯ್ದೆ ಪ್ರವರ್ತಕರೆಂದೇ, ಅಂದರೆ ಬಿಲ್ಡರಿನಂತೆ ಯೋಜನೆಯ ಹೊಣೆ ಹೊತ್ತವರೆಂದೇ ಪರಿಗಣಿಸುತ್ತದೆ. ಸೈಟಾದರೆ ರೇರಾ ರಗಳೆ ಇಲ್ಲವೆಂದು ಯಾರಾದರೂ ಹೇಳಿದ್ದರೆ ನಂಬಬೇಡಿ. ನೋಂದಣಿ ನಿಮಗೆ ರಕ್ಷಣೆಯೂ ಹೌದು: ಸಂಗ್ರಹಿಸಿದ ಹಣದಲ್ಲಿ ಶೇ 70ರಷ್ಟು ಪ್ರತ್ಯೇಕ ಖಾತೆಯಲ್ಲಿರಬೇಕು, ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸ್ವಾಧೀನದ ದಿನದಿಂದ ಐದು ವರ್ಷದವರೆಗೆ ಸರಿಪಡಿಸಿಕೊಡಬೇಕು. ಸೈಟಿನ ಪಕ್ಷದವರ ಒಂದು ವಾದ ಮಾತ್ರ ನಿಜ. ಸೈಟು ಕೊಂಡರೆ ಮುದ್ರಾಂಕ ಶುಲ್ಕ ನೆಲದ ಬೆಲೆಗೆ ಮಾತ್ರ ಬೀಳುತ್ತದೆ. ಬಿಲ್ಡರಿನಿಂದ ಕಟ್ಟಿದ ಮನೆ ಕೊಂಡರೆ ಪೂರ್ತಿ ಬೆಲೆಗೆ ಬೀಳುತ್ತದೆ, ಕಟ್ಟುತ್ತಿರುವ ಹಂತದಲ್ಲಿ ಕೊಂಡರೆ ಜಿಎಸ್‌ಟಿಯೂ ಸೇರುತ್ತದೆ. ಕೂಡಿ ಕಟ್ಟುವಾಗ ಈ ಹೊರೆ ಎಷ್ಟೆಂಬುದು ನೀವು ಸಂಘವಾಗಿ ಕಟ್ಟುತ್ತೀರೋ ಬಿಲ್ಡರಿಗೆ ವಹಿಸುತ್ತೀರೋ ಎಂಬುದರ ಮೇಲೆ ನಿಂತಿರುವುದರಿಂದ, ಜಮೀನಿನ ಕರಾರಿಗೆ ಸಹಿ ಹಾಕುವ ಮೊದಲೇ ವಕೀಲರನ್ನೂ ಆಡಿಟರನ್ನೂ ಒಂದೇ ಮೇಜಿಗೆ ಕೂರಿಸಿ ಮಾತಾಡಿ.

24 ಹೆಸರುಗಳನ್ನು ಒಂದೇ ಕ್ರಯಪತ್ರದಲ್ಲಿ ಬರೆಸಿ ಜಂಟಿಯಾಗಿ ಕೊಂಡುಬಿಡುವುದು ಬೇಡ. ಜಂಟಿ ಮಾಲೀಕರಲ್ಲಿ ಯಾರು ಬೇಕಾದರೂ, ನಾಳೆ ಅವರ ವಾರಸುದಾರರೂ, ಪಾಲು ಕೇಳಿ ದಾವೆ ಹೂಡಬಹುದು. ಮಾರುವ ರೈತ ಕುಟುಂಬದ ಹೆಣ್ಣುಮಕ್ಕಳ ಸಹಿಯನ್ನು ಮರೆಯಬೇಡಿ. ಪಿತ್ರಾರ್ಜಿತ ಜಮೀನಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ನಂತರ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ.

ಇಷ್ಟೆಲ್ಲ ಕೇಳಿಯೂ ನಿಮ್ಮ ಗುಂಪು ಸೈಟಿನ ಕಡೆಗೇ ವಾಲಿದರೆ, ಮೂರು ವಿಷಯಗಳಲ್ಲಿ ಮಣಿಯಬೇಡಿ. ಸೈಟಿನ ಬೆಲೆಯಲ್ಲೇ ಸಾಮೂಹಿಕ ಮನೆಯ ಖರ್ಚನ್ನು ಸೇರಿಸಿ ವಸೂಲಿ ಮಾಡಿ, ಮೊದಲ ಖಾಸಗಿ ಮನೆ ಏಳುವ ಮುನ್ನ ಅದನ್ನು ಕಟ್ಟಿ ಮುಗಿಸಿ. ಖಾಲಿ ಸೈಟಿನವರೂ ಮನೆ ಇರುವವರಷ್ಟೇ ನಿರ್ವಹಣಾ ವೆಚ್ಚ ಕೊಡಬೇಕೆಂದು ಕರಾರಿನಲ್ಲಿ ಬರೆಸಿ. ಮಾರುವುದಾದರೆ ಮೊದಲು ಸಂಘಕ್ಕೆ ತಿಳಿಸಿ, ಇಂತಿಷ್ಟು ದಿನ ಕಾಯಬೇಕೆಂಬ ಷರತ್ತೂ ಇರಲಿ. ಮಾರಲೇಬಾರದು ಎಂದು ಬರೆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಡಿ ಅದು ನಿಲ್ಲುವುದಿಲ್ಲ. ಈ ಷರತ್ತನ್ನು ಜಾತಿಯನ್ನೋ ಊಟದ ಪದ್ಧತಿಯನ್ನೋ ಸೋಸುವ ಜರಡಿಯಾಗಿ ಬಳಸಬೇಡಿ ಎಂದು ಕಳಕಳಿಯಿಂದ ಬೇಡುತ್ತೇನೆ. ಸಾಮೂಹಿಕ ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಜೊತೆ ಪಾತ್ರೆ ಇಟ್ಟರೆ ತೀರುವ ವಿಷಯ ಅದು.

ಪ್ರಶ್ನೆ: ಹನ್ನೊಂದು ವರ್ಷದ ಹಿಂದೆ ನಾವು 14 ಮಂದಿ ಸಹೋದ್ಯೋಗಿಗಳು ಮಂಡ್ಯದ ಹೊರವಲಯದ ಒಂದು ಬಡಾವಣೆಯಲ್ಲಿ ಅಕ್ಕಪಕ್ಕದ ಸೈಟುಗಳನ್ನು ಕೊಂಡೆವು. ಎಲ್ಲರೂ ಕಟ್ಟಿದ ಮೇಲೆ ಒಟ್ಟಿಗೆ ಬಾಳೋಣ ಎಂದಿದ್ದೆವು. ಇದುವರೆಗೆ ಕಟ್ಟಿದವರು ಐದು ಮಂದಿ. ನಮಗೆ ಇನ್ನು ದಾರಿ ಇದೆಯೇ?
— ಓದುಗರು, ಮಂಡ್ಯ

ಉತ್ತರ: ಇದೆ. ಉಳಿದ ಒಂಬತ್ತು ಮಂದಿಗಾಗಿ ಕಾಯುವುದನ್ನು ನಿಲ್ಲಿಸಿ, ಐದು ಮನೆಗಳಿಂದಲೇ ಆರಂಭಿಸಿ. ಡೇವಿಸ್ ನಗರದಲ್ಲೇ ಎನ್ ಸ್ಟ್ರೀಟ್ ಎಂಬ ಇನ್ನೊಂದು ಸಹವಸತಿ ಇದೆ. ಅದನ್ನು ಯಾರೂ ಹೊಸದಾಗಿ ಕಟ್ಟಲಿಲ್ಲ. 1986ರಲ್ಲಿ ಅಕ್ಕಪಕ್ಕದ ಎರಡು ಹಳೆಯ ಮನೆಯವರು ನಡುವಿನ ಬೇಲಿಯನ್ನು ಕಿತ್ತುಹಾಕಿದರು, ವರ್ಷಗಳು ಕಳೆದಂತೆ ಸುತ್ತಲಿನ ಮನೆಗಳು ಒಂದೊಂದಾಗಿ ಸೇರಿಕೊಂಡವು.

ನಿಮ್ಮ ಐದು ಮನೆಗಳಲ್ಲಿ ಯಾವೆರಡರ ಹಿಂಬದಿ ಒಂದಕ್ಕೊಂದು ತಾಗಿದೆಯೋ ನೋಡಿ, ಕಾಂಪೌಂಡಿನಲ್ಲಿ ಮೂರಡಿಯ ಒಂದು ಗೇಟು ಒಡೆಸಿ. ಖಾತೆ, ಗಡಿ ಯಾವುದೂ ಅದರಿಂದ ಬದಲಾಗುವುದಿಲ್ಲ. ಎರಡು ಮನೆಗಳ ನಡುವೆ ನಿಯಮದಂತೆ ಖಾಲಿ ಬಿಟ್ಟಿರುವ ಸೆಟ್‌ಬ್ಯಾಕ್ ಜಾಗಕ್ಕೆ ಶೀಟು ಹೊದಿಸಿ ಊಟದ ಹಜಾರ ಮಾಡುವ ಆಸೆ ಬರಬಹುದು, ಅದು ನಿಯಮಬಾಹಿರ, ಬೇಡ. ಅದರ ಬದಲು ಐದೂ ಮನೆಯವರು ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ಸಂಘ ಮಾಡಿಕೊಂಡು, ಖಾಲಿ ಬಿಟ್ಟಿರುವ ಸ್ನೇಹಿತರಲ್ಲಿ ಕಟ್ಟುವ ಯೋಚನೆಯೇ ಇಲ್ಲದವರನ್ನು ನೇರವಾಗಿ ಕೇಳಿ. ಒಬ್ಬರಾದರೂ ಮಾರಲು ಒಪ್ಪಿದರೆ ಸಂಘದ ಹೆಸರಿನಲ್ಲಿ ಕೊಳ್ಳಿ. ಮಾರಲೊಲ್ಲದಿದ್ದರೆ ಕೆಲವು ವರ್ಷಗಳ ಮಟ್ಟಿಗೆ ಬರಹದ ಕರಾರಿನ ಮೇಲೆ ಬಿಟ್ಟುಕೊಡಲಿ, ಕಳೆ ಬೆಳೆಯುವ ಜಾಗದಲ್ಲಿ ತರಕಾರಿ ಬೆಳೆಯಿರಿ. ಅವರಿಗೂ ಒತ್ತುವರಿಯ ಭಯ ತಪ್ಪುತ್ತದೆ. ಕೊಂಡ ಸೈಟಿನಲ್ಲಿ ಮೊದಲು ಬೇಕಾದದ್ದು ಒಂದು ದೊಡ್ಡ ಅಡುಗೆಮನೆ, ಇಪ್ಪತ್ತು ಮಂದಿ ಕೂತು ಉಣ್ಣುವ ಹಜಾರ, ಎರಡು ಶೌಚಾಲಯ. ಅತಿಥಿ ಕೋಣೆ, ಗ್ರಂಥಾಲಯ ಎಲ್ಲ ಆಮೇಲೆ ಬರಲಿ. ಅಲ್ಲಿ ದೀಪ ಹತ್ತುವುದು ಕಂಡರೆ ಉಳಿದವರಲ್ಲಿ ಒಂದಿಬ್ಬರಾದರೂ ತಳಪಾಯ ತೋಡುತ್ತಾರೆ ಎಂಬ ನಂಬಿಕೆ ನನಗಿದೆ.

ಪ್ರಶ್ನೆ: ನನ್ನ ತಂದೆ–ತಾಯಿ ಚಾಮುಂಡಿಪುರಂನ ಹಳೆಯ ಮನೆಯನ್ನು ಮಾರಿ ಇಂಥದೇ ಒಂದು ಗುಂಪಿಗೆ ಸೇರಬೇಕೆಂದಿದ್ದಾರೆ. ತೆರಿಗೆಯ ತೊಂದರೆ ಬರುವುದೇ?
— ಓದುಗರು, ಬೆಂಗಳೂರು

ಉತ್ತರ: ಗಡುವನ್ನು ಗಮನಿಸದಿದ್ದರೆ ಬರುತ್ತದೆ. ಹಳೆಯ ಮನೆ ಮಾರಿ ಬಂದ ದೀರ್ಘಾವಧಿ ಲಾಭದ ಮೇಲೆ ತೆರಿಗೆ ವಿನಾಯಿತಿ ಬೇಕಾದರೆ, ಮಾರಿದ ದಿನದಿಂದ ಎರಡು ವರ್ಷದೊಳಗೆ ಬೇರೆ ಮನೆ ಕೊಳ್ಳಬೇಕು ಅಥವಾ ಮೂರು ವರ್ಷದೊಳಗೆ ಕಟ್ಟಬೇಕು. ಬರೀ ಸೈಟು ಕೊಂಡು ಸುಮ್ಮನಿದ್ದರೆ ವಿನಾಯಿತಿ ಸಿಗದು. ಸೈಟು ಹಂಚುವ ಗುಂಪಾದರೆ ಉಳಿದವರು ಕಟ್ಟಲಿ ಬಿಡಲಿ, ನಿಮ್ಮ ತಂದೆ–ತಾಯಿ ಮೂರು ವರ್ಷದೊಳಗೆ ಆ ಬಯಲಿನಲ್ಲಿ ಒಂಟಿಯಾಗಿಯಾದರೂ ಮನೆ ಕಟ್ಟಲೇಬೇಕಾಗುತ್ತದೆ. ಕೂಡಿ ಕಟ್ಟುವ ಗುಂಪಾದರೆ ಅನುಮೋದನೆ, ನೋಂದಣಿಗಳಲ್ಲೇ ಆ ಅವಧಿಯ ದೊಡ್ಡ ಭಾಗ ಕರಗಿಹೋಗಬಹುದು. ಆದ್ದರಿಂದ ನಕ್ಷೆ ಮಂಜೂರಾಗಿ ಕಂಟ್ರಾಕ್ಟರ್ ಗೊತ್ತಾಗುವವರೆಗೆ ಹಳೆಯ ಮನೆಯನ್ನು ಮಾರದಿರುವುದು ಕ್ಷೇಮ. ಆ ಮೊದಲೇ ಮಾರಬೇಕಾಗಿ ಬಂದರೆ, ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನಾಂಕದೊಳಗೆ ಉಳಿದ ಲಾಭದ ಮೊತ್ತವನ್ನು ಬ್ಯಾಂಕಿನಲ್ಲಿ ಇದಕ್ಕೆಂದೇ ಇರುವ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಮಾರಾಟದ ಕರಾರಿಗೆ ಮುನ್ನ ಆಡಿಟರಿಂದ ಈ ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ಅದೇ ಭೇಟಿಯಲ್ಲಿ ಗುಂಪಿನ ನಕ್ಷೆಯನ್ನೂ ತರಿಸಿ, ನೆಲಮಟ್ಟದಲ್ಲೇ ಮಲಗುವ ಕೋಣೆ ಮತ್ತು ಬಚ್ಚಲು ಇದೆಯೇ, ಸಾಮೂಹಿಕ ಮನೆಗೆ ಮೆಟ್ಟಿಲಿಲ್ಲದ ದಾರಿ ಇದೆಯೇ ಎಂದು ನಿಮ್ಮ ತಾಯಿಯವರಿಗೇ ತೋರಿಸಿ ಕೇಳಿ.